ಕಿತ್ತಿಟ್ಟ ಪ್ಲಗ್ಗು

ಅಣ್ಣ ಸತ್ತು ಮೂರು ವರ್ಷವಾದ ಮೇಲೆ ಅವನ ಆಂಪ್ಲಿಫೈಯರು ನಮ್ಮ ಮನೆಗೆ ಬಂತು. ಹರಿಹರದಿಂದ ಅವ್ವನ ಸಾಮಾನು ಹೇರಿಕೊಂಡು ಬಂದ ಎತ್ತಿನ ಗಾಡಿಯ ಮೂಲೆಯಲ್ಲಿ, ಕರಿ ಕಂಬಳಿ ಸುತ್ತಿಕೊಂಡು, ಹಗ್ಗ ಬಿಗಿಸಿಕೊಂಡು ಕೂತಿತ್ತು. ಗಂಟಿನೊಳಗೆ ಏನಿದೆ ಎಂಬುದು ಗಾಡಿಯವನಿಗೆ ಗೊತ್ತಾದದ್ದು ಅರ್ಧ ದಾರಿಯಲ್ಲಿ. ಗೊತ್ತಾದ ಮೇಲೆ ಅವನು ಅದಕ್ಕೆ ಬೆನ್ನು ಕೊಡಲಿಲ್ಲವಂತೆ. ಅಡ್ಡ ತಿರುಗಿ ಕೂತು, ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ಕಂಬಳಿಯ ಮೇಲೆ ಇಟ್ಟು ದಾವಣಗೆರೆಯವರೆಗೂ ಹೊಡೆದುಕೊಂಡು ಬಂದಿದ್ದ. ನಾನು ಅವನನ್ನು ನೋಡಿ ನಕ್ಕೆ. ಆಗ ನನಗೆ ಯಾರನ್ನು ನೋಡಿದರೂ ನಗು ಬರುತ್ತಿತ್ತು.

ನಾನು ಒಂದು ಹತ್ತಿ ಮಿಲ್ಲಿನಲ್ಲಿ ಎಲೆಕ್ಟ್ರಿಕ್ ಕೆಲಸದವನು. ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮದುವೆಯಾಗಿ ಒಂದು ವರ್ಷ. ಕಿಸೆಯಲ್ಲಿ ಯಾವಾಗಲೂ ಟೆಸ್ಟರು, ತಲೆಯಲ್ಲಿ ಯಾವಾಗಲೂ ಜಂಭ. ಮಿಲ್ಲಿನಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಮೋಟಾರು, ಫ್ಯೂಸು, ಬಲ್ಬು. ಇಷ್ಟು ಗೊತ್ತಿದ್ದರೆ ಕರೆಂಟಿನ ಜಾತಕವೇ ಗೊತ್ತಿದ್ದಂತೆ ಎಂದು ತಿಳಿದಿದ್ದೆ.

ಅಣ್ಣನದು ಹರಿಹರದಲ್ಲಿ ಮೈಕ್ ಸೆಟ್ಟಿನ ಕಸುಬು. ಮದುವೆ, ಭಜನೆ, ಟೆಂಟಿನಲ್ಲಿ ಬಂದ ಹೊಸ ಸಿನಿಮಾದ ಸಾರುವಿಕೆ, ಎಲ್ಲಕ್ಕೂ ಅವನೇ. ಎರಡು ತಗಡಿನ ಹಾರನ್ನು, ಒಂದು ಗ್ರಾಮಫೋನು, ಒಂದು ಮೈಕು, ಮತ್ತು ಈ ಆಂಪ್ಲಿಫೈಯರು. ಉಕ್ಕಿನ ತಗಡಿನ ಪೆಟ್ಟಿಗೆ; ಅದರ ಬೆನ್ನ ಮೇಲೆ ಐದು ಗಾಜಿನ ವಾಲ್ವು, ಎರಡು ಭಾರದ ಟ್ರಾನ್ಸ್‌ಫಾರ್ಮರು. ಸ್ವಿಚ್ಚು ಹಾಕಿದರೆ ವಾಲ್ವು ನಿಧಾನವಾಗಿ ಕೆಂಪಾಗುತ್ತಿದ್ದವು. ಅಲ್ಲಿಯವರೆಗೆ ಅಣ್ಣ ಮೈಕು ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ಆಮೇಲೆ ಎರಡು ಸಲ ಊದಿ, "ಕೇಳ್ತೈತೇನ್ರಪಾ?" ಎನ್ನುತ್ತಿದ್ದ. ದೂರದಿಂದ ಯಾರಾದರೂ ಕೈಯೆತ್ತಿ ತೋರಿಸುವವರೆಗೆ ಅವನು ಎರಡನೆಯ ಮಾತು ಆಡುತ್ತಿರಲಿಲ್ಲ. ಮದುವೆ ಮನೆಯವರು ಅವಸರ ಮಾಡಿದರೂ ಆಡುತ್ತಿರಲಿಲ್ಲ.

ಅವನು ಸತ್ತದ್ದು ಮಹಾನವಮಿಯ ದಿನ, ಆಯುಧ ಪೂಜೆಯ ಬೆಳಿಗ್ಗೆ.

ನಮ್ಮ ಕಡೆ ಅವತ್ತು ದುಡಿಯುವ ಸಾಮಾನಿಗೆಲ್ಲ ಬಿಡುವು. ಕುಂಟೆ, ರೆಂಟೆ, ಹೊಲಿಗೆ ಮಿಷನ್ನು, ಸೈಕಲ್ಲು ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿಯುತ್ತೇವೆ. ಪೂಜೆಗೆ ಇಟ್ಟ ಸಾಮಾನನ್ನು ಅವತ್ತು ನಡೆಸಬಾರದು. ಅಣ್ಣನೂ ಆಂಪ್ಲಿಫೈಯರನ್ನು ಪಡಸಾಲೆಯ ಮಣೆಯ ಮೇಲೆ ಇಟ್ಟಿದ್ದ. ಇಟ್ಟವನು, ಮರುದಿನ ಬನ್ನಿ ಮುಡಿಯುವ ಹೊತ್ತಿಗೆ ಬೇಕಾಗುತ್ತದಲ್ಲ ಎಂದು ಒಮ್ಮೆ ಸ್ವಿಚ್ಚು ಹಾಕಿ ನೋಡಿದ. ಆಮೇಲೆ ಏನಾಯಿತೆಂದು ಕಂಡವರು ಅತ್ತಿಗೆ ಒಬ್ಬರೇ. ಎಷ್ಟು ಜನ ಎಷ್ಟು ಸಲ ಕೇಳಿದರೂ ಅವರು ಹೇಳಿದ್ದು ಇಷ್ಟೇ, ಇದೇ ಮಾತಿನಲ್ಲಿ.

"ಅವರು ಹಚ್ಚಿದ್ರು. ಪೂಜಿಗೆ ಇಟ್ಟದ್ದು, ಇವತ್ತು ನಡಸಬಾರ್ದು ಅಂತ ನಾನೇ ಲಗೂನ ಪ್ಲಗ್ ಕಿತ್ತೆ. ಕಿತ್ತು ಕೈಯಾಗೇ ಹಿಡಕಂಡಿದ್ದೆ. ಆಮ್ಯಾಲೆ ಅವರು ಅದನ್ನ ಬೋರಲು ಮಾಡಿ, ಕೆಳಗಿನ ತಗಡು ಬಿಚ್ಚಿ, ಹಸಿ ಬಟ್ಟಿಲೆ ಒರಸಾಕ ಹತ್ತಿದ್ರು. ಹಂಗೇ ಬಿದ್ರು."

ಅಡುಗೆ ಮನೆಯಿಂದ ಅವ್ವ ಓಡಿ ಬಂದಾಗ ಅಣ್ಣ ನೆಲದ ಮೇಲಿದ್ದ. ಪ್ಲಗ್ಗು ಅತ್ತಿಗೆಯ ಕೈಯಲ್ಲಿತ್ತು. ಅವ್ವನಿಗೆ ಅಷ್ಟೇ ಸಾಕಾಯಿತು. ಕರೆಂಟು ಹೊಡೆದ ಮೇಲೆ ಹೆದರಿ ಕಿತ್ತಿದ್ದಾಳೆ, ಈಗ ಮೊದಲೇ ಕಿತ್ತೆ ಎನ್ನುತ್ತಾಳೆ. ಅವ್ವನ ತೀರ್ಮಾನ ಇದು. ಡಾಕ್ಟರು ಎದೆ ನಿಂತಿದೆ ಎಂದರು, ಕರೆಂಟಿನ ಸಾವೆಂದರು. ಯಾವ ಕರೆಂಟು ಎಂದು ಅವರನ್ನು ಕೇಳಿದವರಿಲ್ಲ. ಅದನ್ನು ನನ್ನನ್ನು ಕೇಳಿದರು.

ಈ ಘಟನೆಯನ್ನು ನಾನು ಬರೆಯಲೇಬೇಕು. ಅಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ಅತ್ತಿಗೆ ಬಾಗಿಲ ಹಿಂದೆ ನಿಂತಿದ್ದರು. ಒಬ್ಬರು ನನ್ನ ಕಡೆ ತಿರುಗಿ, "ನೀ ಮಿಲ್ಲಿನಾಗ ಅದೇ ಕೆಲಸ ಮಾಡಾವ. ಪ್ಲಗ್ ಕಿತ್ತ ಮ್ಯಾಲೂ ಕರೆಂಟ್ ಹೊಡಿತೈತೇನಪಾ?" ಎಂದು ಕೇಳಿದರು.

"ಅದೆಂಗೆ ಹೊಡಿತೈತೆ?" ಎಂದೆ. "ವೈರೇ ಕಿತ್ತ ಮ್ಯಾಲೆ ಕರೆಂಟು ಎಲ್ಲಿಂದ ಬರ್ತೈತೆ?"

ಇನ್ನೊಬ್ಬರು ಕೇಳುವ ಅಗತ್ಯ ಬೀಳಲಿಲ್ಲ. ಕಾರ್ಯ ಮುಗಿದ ಮರುದಿನ ಅತ್ತಿಗೆಯ ಅಣ್ಣ ಕೊಕ್ಕನೂರಿನಿಂದ ಬಂದು, ತಂಗಿಯನ್ನು ಒಂದು ಟ್ರಂಕಿನ ಸಮೇತ ಕರೆದುಕೊಂಡು ಹೋದ. ಮಕ್ಕಳಿರಲಿಲ್ಲ. ಹೊರಡುವಾಗ ಅವ್ವನ ಕಾಲಿಗೆ ಬೀಳಲು ಬಂದರೆ ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ನಾನು ನೋಡುತ್ತ ನಿಂತಿದ್ದೆ. ಆ ಕಾಲು ಹಿಂದಕ್ಕೆ ಸರಿದದ್ದು ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ.

ಆ ಮೂರು ವರ್ಷ ಆಂಪ್ಲಿಫೈಯರನ್ನು ಮಾರಲು ನೋಡಿದೆವು. ಹರಿಹರದಲ್ಲಿ ಯಾರೂ ಮುಟ್ಟಲಿಲ್ಲ. ನಮ್ಮ ಓಣಿಯವರು ಅತ್ತಿಗೆಯ ಮಾತನ್ನು ನಂಬದೆ ಇದ್ದವರಲ್ಲ. ನಂಬಿ, ಅದಕ್ಕೆ ಬೇರೆ ಅರ್ಥ ಹಚ್ಚಿದ್ದರು. ಆರಿಸಿದ ಮೇಲೆ ಹೊಡೆದಿದೆ ಅಂದರೆ ಅದು ಕರೆಂಟಲ್ಲ, ಅದರೊಳಗೆ ಇನ್ನೇನೋ ಹೊಕ್ಕಿದೆ ಎಂದರು. ಮನೆಯ ಮುಂದೆ ಹಾಯುವಾಗ ಹೆಂಗಸರು ಆ ಕಡೆ ನೋಡುತ್ತಿರಲಿಲ್ಲ. ಅವ್ವನಿಗೂ ಎರಡು ನಾಲಿಗೆ. ಬೆಳಿಗ್ಗೆ "ಅವಳೇ ತಿಂದ್ಲು ನನ್ನ ಮಗನ್ನ" ಎನ್ನುವಳು, ಸಂಜೆ ದೀಪ ಹಚ್ಚುವಾಗ ಕಂಬಳಿಯ ಗಂಟಿನ ಕಡೆ ನೋಡಿ, "ಅದಿನ್ನೂ ಜೀವಂತ ಐತೆ, ಗುಂಯ್ ಅಂತೈತೆ" ಎನ್ನುವಳು.

ನನಗೆ ದೆವ್ವದ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ದಾವಣಗೆರೆಯ ನನ್ನ ಮನೆಗೇ ಆ ಸೆಟ್ಟು ಬಂದ ಮೇಲಂತೂ ಹಟ ಹಿಡಿದೆ. ಕಾಯಿದೆ ಪ್ರಕಾರ ಜೋಡಿಸಿ, ಅದರಲ್ಲಿ ಗ್ರಾಮಫೋನು ಹಾಡಿಸಿ, ಅದೊಂದು ತಗಡಿನ ಪೆಟ್ಟಿಗೆ ಅಷ್ಟೇ ಎಂದು ಅವ್ವನಿಗೆ ತೋರಿಸಬೇಕು. ಆದರೆ ದೆವ್ವ ಇಲ್ಲ ಎಂದು ಸಾಧಿಸಿದರೆ ಅತ್ತಿಗೆ ಸುಳ್ಳು ಹೇಳಿದ್ದು ಸಾಧಿಸಿದಂತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಹಚ್ಚಿದೆ.

ಮೊದಲ ಪಾಳಿ ಮುಗಿಸಿ ಬಂದು ದಿನಾ ಸಂಜೆ ಅದೇ ಕೆಲಸ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು, ಕಬ್ಬಿಣದ ಪೈಪು ಹುಗಿದು ಅರ್ಥಿಂಗ್ ಮಾಡಿದೆ. ಎರಡು ಕಡ್ಡಿಯ ಹಳೇ ಪ್ಲಗ್ಗು ಕಿತ್ತು ಮೂರು ಕಡ್ಡಿಯದನ್ನು ಹಾಕಿ, ಪೆಟ್ಟಿಗೆಯ ತಗಡಿಗೆ ಅರ್ಥಿನ ತಂತಿ ಬಿಗಿದೆ. ಇಲಿ ಕಡಿದಿದ್ದ ವೈರನ್ನು ಪೆಟ್ಟಿಗೆ ಬಿಚ್ಚದೆ ಹೊರಗಿನಿಂದಲೇ ಬದಲಿಸಿದೆ. ಗೋಡೆಯಿಂದ ಒಂದು ಗೇಣು ದೂರ, ಗಾಳಿಯಾಡುವಂತೆ, ದಪ್ಪ ಹಲಗೆಯ ಮೇಲೆ ಇಟ್ಟೆ. ನನ್ನ ಹೆಂಡತಿ ಅಷ್ಟರಲ್ಲಿ ಅದಕ್ಕೊಂದು ಕಸೂತಿಯ ಬಟ್ಟೆ ಹೊಲಿದು ಮುಗಿಸಿದ್ದಳು, ನಡುವೆ ಎರಡು ಗಿಳಿ.

"ಇದರ ಮ್ಯಾಲೆ ಬಟ್ಟಿ ಹೊದಿಸಿದ್ರೆ ವಾಲ್ವು ಕಾದು ಬೆಂಕಿ ಹತ್ತತೈತೆ" ಎಂದೆ.

"ಹಂಗಾರ ಆರಿಸಿದ ಮ್ಯಾಲೆ ಹೊದಸ್ತೀನಿ" ಎಂದಳು.

"ಆರಿದ ಮ್ಯಾಲೆ ಹೊದಸು. ಆರಿಸಿದ ಮ್ಯಾಲಲ್ಲ" ಎಂದೆ. ದೊಡ್ಡ ಉಪದೇಶ ಮಾಡಿದವನಂತೆ ಬೀಗಿದೆ. ಗಿಳಿಗಳು ಟ್ರಂಕಿನ ಮೇಲೆ ಹೋಗಿ ಕೂತವು.

ಸ್ಪೀಕರು ಜೋಡಿಸಿ, ಮೊದಲ ಸಲ ಸ್ವಿಚ್ಚು ಹಾಕಿದ್ದು ಒಂದು ಶನಿವಾರ ಸಂಜೆ. ಸ್ಪೀಕರಿಲ್ಲದೆ ಇಂಥ ಸೆಟ್ಟು ಹಚ್ಚಿದರೆ ಟ್ರಾನ್ಸ್‌ಫಾರ್ಮರು ಸುಡುತ್ತದೆಂದು ಅಣ್ಣ ಹೇಳಿಕೊಟ್ಟಿದ್ದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ವಾಲ್ವುಗಳ ಹೊಟ್ಟೆಯಲ್ಲಿ ಕೆಂಪು ಎದ್ದಿತು. ಮೂರು ವರ್ಷದ ಧೂಳು ಕಾದ ವಾಸನೆ ಬಂತು. ಅದು ಅಣ್ಣನ ಅಂಗಿಯ ವಾಸನೆ. ಮದುವೆ ಮನೆಯಿಂದ ಮರಳಿ ಬಂದಾಗ ಅವನ ಅಂಗಿ ಹೀಗೇ ನಾರುತ್ತಿತ್ತು. ನನ್ನ ಕೈ ಗ್ರಾಮಫೋನಿನ ಮೇಲೆಯೇ ನಿಂತುಬಿಟ್ಟಿತು. ಸ್ಪೀಕರಿನಿಂದ ಸಣ್ಣದಾಗಿ ಗುಂಯ್ ಎಂಬ ಸದ್ದು ಹೊರಟಿತು. ಅಣ್ಣ ಊದುವ ಮೊದಲು ಬರುತ್ತಿದ್ದ ಅದೇ ಸದ್ದು. ಈಗ ಊದುತ್ತಾನೆ, ಈಗ ಕೇಳುತ್ತಾನೆ ಎಂದು ನಾನು ಕಾದೆ. ನಾನು, ದೆವ್ವ ಇಲ್ಲ ಎಂದು ತೋರಿಸಲು ಕೂತವನು, ನಿಜವಾಗಿ ಕಾದೆ.

ಒಳಗಿನಿಂದ ಅವ್ವ ಬಂದು ಹೊಸ್ತಿಲ ಮೇಲೆ ನಿಂತಳು. "ಯಾರು ಬಂದಿದ್ರು?" ಎಂದಳು.

"ಯಾರಿಲ್ಲ ಅವ್ವ."

"ಯಾರೋ ಬಂದಂಗಾತು" ಎಂದು ಬಾಗಿಲ ಕಡೆ ನೋಡಿದಳು. ನಾನು ಗ್ರಾಮಫೋನಿಗೆ ತಟ್ಟೆ ಹಾಕದೆಯೇ ಸ್ವಿಚ್ಚು ಆರಿಸಿದೆ.

ಮರುದಿನ ಬಜಾರಿನ ರೇಡಿಯೋ ರಿಪೇರಿಯ ಸಾಬರನ್ನು ಮನೆಗೆ ಕರೆದುಕೊಂಡು ಬಂದೆ. ಗುಂಯ್ ಎನ್ನುವ ಸದ್ದು ತೆಗೆಸಬೇಕು ಎಂಬುದು ನೆಪ. ಒಬ್ಬನೇ ಆ ಪೆಟ್ಟಿಗೆ ಬಿಚ್ಚಲು ನನಗೆ ಧೈರ್ಯ ಬಂದಿರಲಿಲ್ಲ. ಸಾಬರು ವಯಸ್ಸಾದವರು, ದಪ್ಪ ಕನ್ನಡಕ, ಕಡಿಮೆ ಮಾತು. ಅರ್ಧ ಗಂಟೆ ಹಾಡು ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಾವೇ ಪ್ಲಗ್ಗು ಕಿತ್ತು, ಸೆಟ್ಟು ಬೋರಲು ಹಾಕಿ, ಕೆಳಗಿನ ತಗಡು ಬಿಚ್ಚಿದರು. ಎರಡೂ ಕೈ ತಾಗಬಾರದೆಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಚೀಲದಿಂದ ಒಂದು ಜೀರೋ ಬಲ್ಬು ತೆಗೆದರು. ಹೋಲ್ಡರಿಗೆ ಎರಡು ತಂತಿ. ಒಂದನ್ನು ಪೆಟ್ಟಿಗೆಯ ತಗಡಿಗೆ ಕ್ಲಿಪ್ಪು ಹಾಕಿ ಕಚ್ಚಿಸಿ, ಇನ್ನೊಂದರ ತುದಿಯನ್ನು ಒಂದು ದಪ್ಪ ಕಂಡೆನ್ಸರಿನ ಬಾಯಿಗೆ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ.

"ಪ್ಲಗ್ಗೇ ಕಿತ್ತೀರಲ್ರಿ ಸಾಬ್ರೆ, ಬಲ್ಬು ಹೆಂಗ್ ಹತ್ತತೈತೆ?" ಎಂದು ನಕ್ಕೆ.

"ಹತ್ತತೈತೆ. ಇದು ಕರೆಂಟಿನ ಹಗೇವು. ನೀ ಆರಿಸಿದ ಮ್ಯಾಲೂ ಇದರಾಗ ತುಂಬಿದ್ದು ಹಂಗೇ ಇರ್ತೈತೆ. ಮುನ್ನೂರು ನಾನೂರು ವೋಲ್ಟು. ಈಗ ವಾಲ್ವು ಕಾದಿದ್ವು, ಅವೇ ಕುಡದು ಖಾಲಿ ಮಾಡ್ಯಾವೆ. ಅದಕ್ಕೆ ಹತ್ತಿಲ್ಲ."

ಹಗೇವು ಎಂದರೆ ನೆಲದಲ್ಲಿ ತೋಡಿ ಜೋಳ ತುಂಬಿಡುವ ಕಣಜ. ಮೇಲೆ ಬರಗಾಲ ಬಿದ್ದರೂ ಒಳಗಿನ ಜೋಳ ಒಳಗೇ ಇರುತ್ತದೆ. ನನ್ನ ನಗು ಅಲ್ಲಿಗೇ ನಿಂತಿತು. ಆದರೂ ಬಲ್ಬು ಹತ್ತಿರಲಿಲ್ಲ. ಹಾಗಾದರೆ ಅವತ್ತೂ ಖಾಲಿಯಾಗಿರಬೇಕಲ್ಲ, ಅತ್ತಿಗೆ ಸುಳ್ಳು ಹೇಳಿದ್ದು ಖಾತ್ರಿಯಾಯಿತಲ್ಲ ಎಂದುಕೊಂಡೆ. ಖಾತ್ರಿಯಾದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಾಬರು ನನ್ನ ಮುಖ ನೋಡಿ, ಏನಾಯಿತು ಎಂದು ಕೇಳಿದರು. ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವತ್ತು ಹಚ್ಚಿ ಎಷ್ಟೊತ್ತಿಗೆ ಕಿತ್ತರಂತೆ?"

"ಲಗೂನ ಕಿತ್ತೆ ಅಂತಾರೆ."

"ವಾಲ್ವು ಕೆಂಪಾಗಿದ್ವಂತೇನು?"

ಅದನ್ನು ಯಾರೂ ಕೇಳಿರಲಿಲ್ಲ. ಸಾಬರು ಸೆಟ್ಟು ಪೂರಾ ಆರುವವರೆಗೆ ಕಾದರು. ನನ್ನ ಹೆಂಡತಿ ಚಹಾ ಕೊಟ್ಟಳು, ಕುಡಿದರು. ಆಮೇಲೆ ನನಗೆ ಪ್ಲಗ್ಗು ಹಾಕಲು ಹೇಳಿ, ಸ್ವಿಚ್ಚು ಒತ್ತಿ, ಬಾಯಲ್ಲಿ ಐದು ಎಣಿಸಿದರು. ವಾಲ್ವುಗಳಲ್ಲಿ ಆಗಿನ್ನೂ ಮಬ್ಬು. "ಕೀಳು" ಎಂದರು. ಕಿತ್ತೆ. ಪ್ಲಗ್ಗು ನನ್ನ ಕೈಯಲ್ಲೇ ಇತ್ತು. ಸಾಬರು ತಂತಿಯ ತುದಿ ಮುಟ್ಟಿಸಿದರು.

ಬಲ್ಬು ಹತ್ತಿತು. ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ಹಳದಿಯಾಗಿ ಹತ್ತಿ, ಆರಿಹೋಯಿತು.

"ವಾಲ್ವು ಕಾಯಾಕ ಮೊದ್ಲೇ ಕಿತ್ತಾರೆ. ಕುಡಿಯೋರು ಯಾರೂ ಇಲ್ಲ. ತುಂಬಿದ್ದು ತುಂಬಿದಂಗೇ ಕುಂತೈತೆ. ಒಂದು ಕೈ ತಗಡಿನ ಮ್ಯಾಲೆ, ಒಂದು ಕೈಯಾಗ ಹಸಿ ಬಟ್ಟೆ. ಎದಿಯಾಗ ಹಾದು ಹೋಗೇತೆ" ಎಂದರು ಸಾಬರು. "ಆಯಮ್ಮ ಖರೇನೇ ಹೇಳ್ಯಾರೆ."

ನಾನು ಕೈಯಲ್ಲಿದ್ದ ಪ್ಲಗ್ಗು ನೋಡುತ್ತ ಕೂತೆ. ಅತ್ತಿಗೆ ಹೀಗೇ ಹಿಡಿದು ನಿಂತಿದ್ದರು. ಅವರು ಕಿತ್ತದ್ದು ಪೂಜೆಯ ನೇಮ ಕೆಡಬಾರದೆಂದು. ಕೀಳದೆ ಇದ್ದರೆ ವಾಲ್ವು ಕಾಯುತ್ತಿದ್ದವು. ಕಾದಿದ್ದರೆ ಅಣ್ಣ ಉಳಿಯುತ್ತಿದ್ದ. ಆದರೆ ಸಾಬರ ಕೆಲಸ ಇನ್ನೂ ಮುಗಿದಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿದರು.

"ಆದ್ರೂ ಹಿಂಗ್ ಉಳೀಬಾರದಲ್ಲ. ತಯಾರು ಮಾಡಿದೋರು ಇದಕ್ಕೊಂದು ದಾರಿ ಇಟ್ಟಿರ್ತಾರೆ" ಎನ್ನುತ್ತ ಬೆರಳು ತೋರಿಸಿದರು. ಕಂಡೆನ್ಸರಿನ ಪಕ್ಕ ಎರಡು ಮೋಟು ತಂತಿ ನಿಂತಿದ್ದವು. "ಇಲ್ಲೊಂದು ರೆಸಿಸ್ಟೆನ್ಸ್ ಇತ್ತು. ಆರಿಸಿದ ಮ್ಯಾಲೆ ಉಳದಿದ್ದನ್ನ ಸಾವಕಾಶ ಖಾಲಿ ಮಾಡೋದು ಅದರ ಕೆಲಸ. ಇದನ್ನ ಯಾವನೋ ಕತ್ತರಿಸ್ಯಾನೆ. ಯಾರು?"

"ಗೊತ್ತಿಲ್ರಿ" ಎಂದೆ.

ಗೊತ್ತಿತ್ತು. ಆ ಮಹಾನವಮಿಗೆ ಒಂದು ತಿಂಗಳು ಮೊದಲು, ಗಣಪತಿ ಹಬ್ಬಕ್ಕೆ ನಾನು ಹರಿಹರಕ್ಕೆ ಹೋಗಿದ್ದೆ. ಸೆಟ್ಟು ಸುಟ್ಟ ವಾಸನೆ ಬರುತ್ತಿದೆ ಎಂದು ಅಣ್ಣ ಒದ್ದಾಡುತ್ತಿದ್ದ. ಸಂಜೆ ಎರಡು ಕಡೆ ಒಪ್ಪಿಕೊಂಡಿದ್ದ. ನಾನು ಬಿಚ್ಚಿ ನೋಡಿದೆ. ಬೆರಳು ಗಾತ್ರದ ಒಂದು ರೆಸಿಸ್ಟೆನ್ಸು ಕಾದು ಕರ್ರಗಾಗಿ ಬಿರುಕು ಬಿಟ್ಟಿತ್ತು. ಅದು ಯಾಕಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ಮಿಲ್ಲಿನ ಕತ್ತರಿಯಿಂದ ಎರಡೂ ಕಡೆ ಕತ್ತರಿಸಿ ತೆಗೆದುಹಾಕಿ, ಸೆಟ್ಟು ಹಚ್ಚಿದೆ. ಮೊದಲಿನಂತೆಯೇ ಹಾಡಿತು. "ಇದು ಸುಮ್ನೆ ಕರೆಂಟ್ ತಿಂತಿತ್ತು, ಇಲ್ದಿದ್ರೂ ನಡಿತೈತೆ" ಎಂದೆ. ಅಣ್ಣ ನನ್ನ ಬೆನ್ನು ತಟ್ಟಿದ. ಅತ್ತಿಗೆ ಎರಡು ಕಡಬು ಹೆಚ್ಚು ಬಡಿಸಿದರು. ತಿಂದೆ.

ಸಾಬರು ಎರಡು ದಿನ ಬಿಟ್ಟು ಹೊಸ ರೆಸಿಸ್ಟೆನ್ಸು ತಂದು ಹಾಕುತ್ತೇನೆಂದು ಹೇಳಿ, ಬಲ್ಬನ್ನು ನನ್ನ ಬಳಿಯೇ ಬಿಟ್ಟು ಹೋದರು. ಅವರು ಹೋದ ಮೇಲೆ ಅವ್ವನನ್ನು ಕರೆದು ಹಲಗೆಯ ಮುಂದೆ ಕೂರಿಸಿದೆ. ಪ್ಲಗ್ಗನ್ನು ಅವಳೇ ಕೀಳಬೇಕು, ಕಿತ್ತು ಕೈಯಲ್ಲೇ ಹಿಡಿದಿರಬೇಕು ಎಂದೆ. ಸ್ವಿಚ್ಚು ಒತ್ತಿ ಐದು ಎಣಿಸಿದೆ. ಅವ್ವ ಕಿತ್ತಳು. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ನಾನು ತಂತಿ ಮುಟ್ಟಿಸಿದೆ. ಬಲ್ಬು ಮಿಣುಕಿತು.

ಅವ್ವ ಕೈಯಲ್ಲಿದ್ದ ಪ್ಲಗ್ಗು ನೋಡಿದಳು, ಬಲ್ಬು ನೋಡಿದಳು. "ಇನ್ನೊಮ್ಮೆ ಮಾಡು" ಎಂದಳು. ಸೆಟ್ಟು ಆರಲು ಬಿಟ್ಟು ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ನಾನು ಬೇಡವೆಂದರೂ ಕೇಳಲಿಲ್ಲ. ಆಮೇಲೆ ಪ್ಲಗ್ಗನ್ನು ಸೆರಗಿನಲ್ಲಿ ಒರೆಸಿ ನೆಲಕ್ಕಿಟ್ಟಳು.

"ಹಂಗಾರ ಹುಡುಗಿ ಕೈಯಾಗ ಹಿಂಗೇ ಇತ್ತು" ಎಂದಳು. ಏಳುತ್ತ, "ಎಲ್ಲಾ ಸೆಟ್ಟಿನಾಗೂ ಹಿಂಗೇ ಇರ್ತೈತೇನು?" ಎಂದು ಕೇಳಿದಳು.

"ಹೂಂ" ಎಂದೆ.

ಆ ರಾತ್ರಿ ಅವ್ವ ಊಟ ಮಾಡಲಿಲ್ಲ. ನಾನು ಮಾಡಿದೆ. ಮಾಡುವಾಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ: ಅತ್ತಿಗೆಯ ಮೇಲಿನ ಕಳಂಕ ಹೋಗುತ್ತದೆ, ದೋಷ ಮೆಷಿನ್ನಿನದಾಗುತ್ತದೆ, ಎರಡು ಮೋಟು ತಂತಿಯ ವಿಷಯ ಸಾಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸತ್ತವನು ಎದ್ದು ಬಂದು ಹೇಳುವುದಿಲ್ಲ. ಇಷ್ಟು ಯೋಚಿಸಿ ಮಲಗಿದವನಿಗೆ ಒಂದು ಹೊತ್ತಿನಲ್ಲಿ, ಊದುವ ಸದ್ದು ಎರಡು ಸಲ ಕೇಳಿದಂತಾಗಿ ಎಚ್ಚರವಾಯಿತು. ಹೆಂಡತಿ ಒಲೆ ಊದುತ್ತಿದ್ದಳು, ಬೆಳಗಾಗಿತ್ತು.

ಅವತ್ತೇ ಅವ್ವ ಹೊರಟು ನಿಂತಳು. ಹರಿಹರದವರೆಗೆ ರೈಲಿನಲ್ಲಿ, ಅಲ್ಲಿಂದ ಸಿಕ್ಕ ಗಾಡಿಯಲ್ಲಿ, ಕೊನೆಗೆ ನಡೆದು ಕೊಕ್ಕನೂರಿಗೆ ಹೋದೆವು. ಅತ್ತಿಗೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಬಿಸಿಲಿನ ಕೆಲಸಕ್ಕೆ ಮುಖ ಕಂದಿತ್ತು. ನಮ್ಮನ್ನು ಕಂಡು ಎದ್ದರು, ಮೊರ ಕೈಯಲ್ಲೇ ಇತ್ತು.

"ಬರ್ರಿ ಅತ್ತಿ. ಬಾರಪ್ಪ, ಕೂಡ್ರಿ" ಎಂದು ಕಂಬಳಿ ಹಾಸಿದರು. ನೀರು ತಂದಿಟ್ಟರು. ಅವ್ವ ನೀರು ಮುಟ್ಟಲಿಲ್ಲ.

"ನೀ ಮೊದ್ಲೇ ಕಿತ್ತಿದ್ದಿ ಅಂಬೋದು ನಿನ್ನೆ ನನ್ನ ಕಣ್ಣಾರೆ ಕಂಡೆ" ಎಂದಳು ಅವ್ವ. "ನನ್ನದು ತಪ್ಪಾತವ್ವ. ಮೂರು ವರ್ಷ ನಿನ್ನ ಬೈಕಂತ ಕುಂತೆ." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಕಂಡೆನ್ಸರು, ಹಗೇವು, ಕಾಯದ ವಾಲ್ವು, ಜೀರೋ ಬಲ್ಬು ಎಲ್ಲ ವಿವರಿಸಿದೆ. ಮಾತು ಸರಾಗವಾಗಿ ಬರುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅತ್ತಿಗೆ ತಲೆ ತಗ್ಗಿಸಿ, ಮೊರದೊಳಗಿನ ಕಲ್ಲು ಹೆಕ್ಕುತ್ತ ಕೇಳಿದರು. ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿದರು.

"ಆ ತುಂಬಿದ್ದು ತಾನೇ ಖಾಲಿಯಾಗಾಕ ಅದರಾಗ ಏನೂ ಇರ್ಲಿಲ್ಲೇನಪ್ಪ?"

ಮಿಲ್ಲಿನ ಮ್ಯಾನೇಜರು ಕೇಳಿದ್ದರೆ, ಪೊಲೀಸರು ಕೇಳಿದ್ದರೆ ಸುಳ್ಳು ಹೇಳಬಹುದಿತ್ತು. ಅವರು ನನ್ನ ಮುಖ ನೋಡದೆ, ಕಲ್ಲು ಹೆಕ್ಕುತ್ತ ಕೇಳಿದರು. ಯಾರೋ ದೂರದಿಂದ ಕೈಯೆತ್ತುವುದನ್ನು ಕಾಯುತ್ತಿದ್ದ ಅಣ್ಣನ ನೆನಪಾಯಿತು.

"ಇತ್ತು" ಎಂದೆ. "ನಾನೇ ಕತ್ತರಿಸಿದ್ದೆ."

ಅವ್ವ ಬಾಯಿಂದ ಸೆರಗು ತೆಗೆದಳು. ಅತ್ತಿಗೆ ಎದ್ದು ಒಳಗೆ ಹೋದರು. ಟ್ರಂಕಿನ ಚಿಲಕದ ಸದ್ದು ಕೇಳಿಸಿತು. ಹೊರಗೆ ಬಂದು ನನ್ನ ಮುಂದೆ ಒಂದು ಹಳೇ ವಿಭೂತಿ ಡಬ್ಬಿ ಇಟ್ಟು ಮುಚ್ಚಳ ತೆಗೆದರು. ಒಳಗೆ ಬೆರಳು ಗಾತ್ರದ, ಸುಟ್ಟು ಬಿರುಕು ಬಿಟ್ಟ ಆ ರೆಸಿಸ್ಟೆನ್ಸು ಇತ್ತು.

"ನೀ ಹ್ವಾದ ಮ್ಯಾಲೆ ಅವರು ಇದನ್ನ ಕಸದಾಗಿಂದ ಆರಿಸಿ ಇಟ್ಟಿದ್ರು" ಎಂದರು ಅತ್ತಿಗೆ. "ಇದು ಇರಬೇಕಾದ್ದು, ದಾವಣಗೆರಿಗೆ ಹೋದಾಗ ಹೊಸಾದು ತರ್ತೀನಿ, ತಮ್ಮಗ ಹೇಳಬ್ಯಾಡ, ಬ್ಯಾಸರ ಮಾಡಿಕಂತಾನೆ ಅಂದಿದ್ರು. ಇದು ಏನಂತ ನನಗೂ ಗೊತ್ತಿಲ್ಲ. ಇದನ್ನ ತೆಗೆದ ತಿಂಗಳಿಗೆ ಅವರು ಹ್ವಾದ್ರು, ಅಷ್ಟು ಗೊತ್ತು."

"ಅವತ್ತು ಯಾಕ ಹೇಳ್ಲಿಲ್ಲ ಅತ್ತಿಗೆ?" ಎಂದೆ. "ಎಲ್ಲರ ಮುಂದೆ ನಾ ಹಂಗಂದಾಗ, ಇದನ್ನ ತಂದು ಇಟ್ಟಿದ್ರೆ ಆಗ್ತಿತ್ತಲ್ಲ."

"ಇಟ್ಟಿದ್ರೆ ನಿಮ್ಮವ್ವಗ ಒಬ್ಬ ಮಗನೂ ಉಳೀತಿರಲಿಲ್ಲ" ಎಂದರು.

ಅವರು ಅದನ್ನು ಹಿರಿಮೆಯಿಂದ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮತ್ತೆ ಮೊರ ತೊಡೆಯ ಮೇಲೆ ಎಳೆದುಕೊಂಡರು. ನಾನು ಅತ್ತೆ. ಅಣ್ಣ ಸತ್ತಾಗ ಹಾಗೆ ಅತ್ತಿರಲಿಲ್ಲ. ಅವ್ವ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಅತ್ತಿಗೆ ತಂದಿಟ್ಟಿದ್ದ ಚೊಂಬೆತ್ತಿ ಪೂರಾ ಕುಡಿದು, ಕೆಳಗಿಟ್ಟಳು.

ಹೊತ್ತು ಇಳಿಯುವ ಮೊದಲು ನಾನು ಹೊರಡಲು ಎದ್ದೆ. ಅವ್ವ ಏಳಲಿಲ್ಲ.

"ನೀ ಹೋಗು" ಎಂದಳು. "ಈಕಿ ಇರು ಅಂದ್ರೆ ನಾ ಇಲ್ಲೇ ಇರ್ತೀನಿ."

ಅತ್ತಿಗೆ ಇರು ಎಂದರು. ಎರಡು ದಿನ ಎಂದುಕೊಂಡದ್ದು ಎರಡು ತಿಂಗಳಾಯಿತು. ಆಮೇಲೆ ಅವ್ವ ವಿನೋಬನಗರಕ್ಕೆ ಬಂದಾಗ ಅತ್ತಿಗೆಯನ್ನೂ ಕರೆದುಕೊಂಡೇ ಬಂದಳು. ಅವ್ವ ಬದುಕಿರುವವರೆಗೆ ನನ್ನೊಂದಿಗೆ ಚೆನ್ನಾಗಿಯೇ ಮಾತಾಡಿದಳು. ಆದರೆ ನಾನು ಏನನ್ನಾದರೂ ರಿಪೇರಿ ಮಾಡಲು ಕೂತರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅತ್ತಿಗೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕೂತು, ಪ್ಲಗ್ಗು ಕಿತ್ತು, ನಾನು ಮುಗಿಸುವವರೆಗೆ ಅದನ್ನು ಕೈಯಲ್ಲಿ ಹಿಡಿದಿರುತ್ತಿದ್ದರು.

ಸಾಬರು ಹಾಕಿಕೊಟ್ಟ ರೆಸಿಸ್ಟೆನ್ಸು ಆ ಸೆಟ್ಟಿನಲ್ಲಿ ಈಗಲೂ ಇದೆ. ಕೆಲಸ ಸರಿಯಾಗಿಯೇ ಮಾಡುತ್ತದೆ. ಆರಿಸಿ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಖಾಲಿ. ಬಲ್ಬು ಮುಟ್ಟಿಸಿದರೆ ಹತ್ತುವುದಿಲ್ಲ. ಹತ್ತುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ಮುಟ್ಟಿಸುತ್ತೇನೆ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು. ಮುಟ್ಟಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿರುತ್ತೇನೆ. ಯಾರೂ ಊದುವುದಿಲ್ಲ, ಯಾರೂ ಕೇಳುವುದಿಲ್ಲ. ಆದರೂ ಕತ್ತಲಾದ ಆ ಬಲ್ಬಿನ ಮುಂದೆ, "ಕೇಳ್ತೈತಣ್ಣ" ಎಂದು ಹೇಳಿದ ಮೇಲೆಯೇ ನಾನು ತಗಡು ಮುಚ್ಚುತ್ತೇನೆ.